ಕಲ್ಲಿನ ಪಂಚಾಂಗ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸಾಲಿಸ್‌ಬರಿ ಎಂಬ ಊರಿನ ಹತ್ತಿರ ಒಂದು ವಿಸ್ತಾರವಾದ ಹುಲ್ಲುಬಯಲಿದೆ. ಅದರ ನಡುವೆ, ಐದು ಸಾವಿರ ವರ್ಷಗಳ ಹಿಂದಿನ ಜನರು ನಿಲ್ಲಿಸತೊಡಗಿದ ಬಂಡೆಗಳ ಒಂದು ವಲಯವಿದೆ. ಸ್ಟೋನ್‌ಹೆಂಜ್ ಎಂದು ಅದರ ಹೆಸರು. ಅದರ ಚಿತ್ರವನ್ನು ನೋಡದ ವಾಚಕರು ವಿರಳ. ನಾವೂ ಚಿತ್ರದಲ್ಲಿ ಮಾತ್ರ ನೋಡಿದ್ದವರೇ. ಕಳೆದ ಧನುರ್ಮಾಸದಲ್ಲಿ ಅದನ್ನು ಕಣ್ಣಾರೆ ನೋಡುವ ಯೋಗ ಬಂದಿತು. ಬಂದದ್ದು ಒಂದು ಮಗುವಿನ ಪ್ರಶ್ನೆಯ ದೆಸೆಯಿಂದ.

ಲಂಡನ್ನಿನಲ್ಲಿರುವ ಮಗಳ ಮನೆಗೆ ನಾವು ಹೋಗಿ ಒಂದು ತಿಂಗಳಾಗಿತ್ತು. ಮೊಮ್ಮಗಳಿಗೆ ಹತ್ತು ವರ್ಷ. ಒಂದು ಬೆಳಿಗ್ಗೆ ಹುಗ್ಗಿ ತಿನ್ನುತ್ತ ಕುಳಿತಿದ್ದವಳು, “ತಾತ, ಕ್ರಿಸ್‌ಮಸ್ ಪ್ರತಿ ವರ್ಷವೂ ಡಿಸೆಂಬರ್ 25ಕ್ಕೇ ಬರುತ್ತೆ. ನಮ್ಮ ದೀಪಾವಳಿ ಮಾತ್ರ ಒಂದು ಸಲ ಅಕ್ಟೋಬರ್, ಒಂದು ಸಲ ನವೆಂಬರ್. ಯಾಕೆ?” ಎಂದು ಕೇಳಿದಳು. “ಪಂಚಾಂಗದವರು ಹಾಗೆ ಗುಣಿಸಿ ಬರೆದಿರುತ್ತಾರೆ, ಮಗು” ಎಂದು ಹೇಳಿ ನಾವು ಕೈಯಲ್ಲಿದ್ದ ಪತ್ರಿಕೆಯನ್ನು ಓದತೊಡಗಿದೆವು. ಮಗು ಸುಮ್ಮನಾಯಿತು. ಉತ್ತರ ಸಿಕ್ಕಿತೆಂದು ಸುಮ್ಮನಾದದ್ದಲ್ಲ. ತಾತನಿಗೂ ಗೊತ್ತಿಲ್ಲವೆಂದು ಸುಮ್ಮನಾದದ್ದು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿದ ನಮಗೆ ಆ ಎರಡು ಮೌನಗಳ ಭೇದ ತಿಳಿಯದೆ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ನಮ್ಮ ಟೀಚರ್ ಹೇಳಿದ್ರು, ಸ್ಟೋನ್‌ಹೆಂಜ್ ಅಂದ್ರೆ ಕಲ್ಲಿನ ಕ್ಯಾಲೆಂಡರ್ ಅಂತ. ಅಲ್ಲಿ ಹೋಗಿ ಕೇಳೋಣ್ವಾ?” ಎಂದಳು.

ಹೀಗೆ ಆ ಶನಿವಾರ ನಾವು, ಮಗಳು, ಮೊಮ್ಮಗಳು ಮೂವರೂ ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿದೆವು. ಒಂದೂವರೆ ಗಂಟೆಯ ಪ್ರಯಾಣದ ಮೇಲೆ ಸಾಲಿಸ್‌ಬರಿ. ಅಲ್ಲಿಂದ ಬಸ್ಸಿನಲ್ಲಿ ಬಯಲಿಗೆ ಹೋಗಬೇಕು. ಎಲೆ ಉದುರಿದ ಮರಗಳು, ಮಂಜು ಹಿಡಿದ ಹುಲ್ಲು, ಅಲ್ಲಲ್ಲಿ ಮೇಯುವ ಕುರಿಗಳು. ಮನೆಗಳು ಬಹಳ ವಿರಳ. ಯಾತ್ರಿಕರಿಗಾಗಿ ಕಟ್ಟಿರುವ ಮಂದಿರವು ಕಲ್ಲುಗಳಿಗೆ ಸುಮಾರು ಎರಡು ಕಿಲೋಮೀಟರು ದೂರದಲ್ಲಿದೆ. ಅಲ್ಲಿಂದ ಮುಂದಕ್ಕೆ ನಡೆದು ಬರುವವರಿಗೆ ಕಲ್ಲುಗಳು ಮೊದಲು ಗುಬ್ಬಚ್ಚಿಗಳ ಸಾಲಿನಂತೆ ಕಾಣುತ್ತವೆ. ಹತ್ತಿರ ಬಂದ ಹಾಗೆಲ್ಲ ಬೆಳೆದು ಬೆಳೆದು, ಕೊನೆಗೆ ಮನುಷ್ಯನೇ ಗುಬ್ಬಚ್ಚಿಯಾಗುತ್ತಾನೆ.

ಮೊದಲು ಅಲ್ಲಿದ್ದುದು, ಕ್ರಿ. ಪೂ. 3000ದ ಸುಮಾರಿಗೆ ತೋಡಿದ ಒಂದು ವರ್ತುಲಾಕಾರದ ಕಂದಕ ಮತ್ತು ದಿಣ್ಣೆ. ಅದರ ಒಳಗೆ ಸುತ್ತಲೂ 56 ಗುಳಿಗಳು. ದೊಡ್ಡ ಬಂಡೆಗಳು ಎದ್ದು ನಿಂತದ್ದು ಅದಕ್ಕೆ ಐದುನೂರು ವರ್ಷಗಳ ತರುವಾಯ. ಹೊರವಲಯಕ್ಕೆ 30 ಕಂಬಗಳೆಂದು ಲೆಕ್ಕ; ಅವುಗಳ ತಲೆಯ ಮೇಲೆ ಒಂದರಿಂದೊಂದಕ್ಕೆ ತೊಲೆಯಂತೆ ಹಾಸಿದ ಕಲ್ಲುಗಳು. ಒಳಗೆ ಕುದುರೆಯ ಲಾಳದ ಆಕಾರದಲ್ಲಿ ಐದು ಬಾಗಿಲುವಾಡಗಳು, ಅಂದರೆ ಎರಡೆರಡು ಕಂಬ, ಒಂದೊಂದು ತೊಲೆ. ಈಗ ಅನೇಕವು ಬಿದ್ದಿವೆ, ಕೆಲವು ಕಾಣೆಯಾಗಿವೆ. ಒಂದೊಂದು ಕಂಬದ ತೂಕ ಸರಾಸರಿ 25 ಟನ್ನಿನಷ್ಟು. ಕಂಬದ ತಲೆಯಲ್ಲಿ ಒಂದು ಗುಬುಟು ಬಿಟ್ಟು, ತೊಲೆಗಲ್ಲಿನ ಅಡಿಯಲ್ಲಿ ಅದಕ್ಕೆ ಸರಿಯಾಗಿ ಕುಳಿ ತೋಡಿ, ಬಡಗಿಯು ಮರವನ್ನು ಕೂಡಿಸುವ ಕ್ರಮದಲ್ಲಿ ಕಲ್ಲನ್ನು ಕೂಡಿಸಿದ್ದಾರೆ. ಕಬ್ಬಿಣವೆಂಬುದನ್ನು ಕಾಣದ ಜನರು, ಕಲ್ಲಿನಿಂದಲೇ ಕಲ್ಲನ್ನು ಕುಟ್ಟಿ ಮಾಡಿದ ಕೆಲಸವಿದು.

ಈ ಬಂಡೆಗಳು ಬಹುಮಟ್ಟಿಗೆ ಸುಮಾರು 25 ಕಿಲೋಮೀಟರು ದೂರದ ವೆಸ್ಟ್ ವುಡ್ಸ್ ಎಂಬ ಕಾಡಿನವೆಂದು 2020ರಲ್ಲಿ ಪರೀಕ್ಷಿಸಿ ತಿಳಿದರು. ಒಳಗಿರುವ ಚಿಕ್ಕ ನೀಲಿಗಲ್ಲುಗಳು ವೇಲ್ಸ್ ದೇಶದ ಪ್ರೆಸೆಲಿ ಬೆಟ್ಟಗಳಿಂದ, 200 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದವು. ನಡುವೆ ಮಲಗಿರುವ ಒಂದು ಕಲ್ಲಿಗೆ ಬಲಿಪೀಠವೆಂದು ಹೆಸರು. ಆರು ಟನ್ ತೂಗುವ ಆ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯ ಪ್ರಾಂತದ್ದೆಂದು, 700 ಕಿಲೋಮೀಟರಿಗೆ ಕಡಮೆಯಿಲ್ಲದಷ್ಟು ದೂರದಿಂದ ಬಂದಿತೆಂದು 2024ರಲ್ಲಿ ಪ್ರಕಟವಾಯಿತು. ಕಾಶಿಯಾತ್ರೆ ಹೋದವರು ಗಂಗೆಯನ್ನು ಗಿಂಡಿಯಲ್ಲಿ ತರುವುದುಂಟು; ಬೆಟ್ಟದ ತುಂಡನ್ನೇ ಇಷ್ಟು ದೂರ ತಂದವರ ಶ್ರದ್ಧೆ ಎಂಥದಿರಬೇಕು!

ಅಂಥವರು ಯಾರು? ಹನ್ನೆರಡನೆಯ ಶತಮಾನದ ಜೆಫ್ರಿ ಎಂಬ ಗ್ರಂಥಕರ್ತನು ಮೆರ್ಲಿನ್ ಎಂಬ ಮಾಂತ್ರಿಕನ ಕಥೆ ಹೇಳಿ, ಈ ಕಲ್ಲುಗಳನ್ನು ಹಿಂದೆ ದೈತ್ಯರು ಹೊತ್ತು ತಂದು ಐರ್ಲೆಂಡಿನಲ್ಲಿ ನೆಟ್ಟಿದ್ದರೆಂದೂ, ಮೆರ್ಲಿನನು ಅವನ್ನು ಅಲ್ಲಿಂದ ಇಲ್ಲಿಗೆ ಸಾಗಿಸಿದನೆಂದೂ ಬರೆದನು. ಹದಿನೇಳನೆಯ ಶತಮಾನದ ಇನಿಗೊ ಜೋನ್ಸ್ ಎಂಬ ಶಿಲ್ಪಿ ಇದು ರೋಮನರ ದೇವಾಲಯವೆಂದನು. ಹದಿನೆಂಟನೆಯ ಶತಮಾನದ ವಿಲಿಯಂ ಸ್ಟೂಕ್ಲಿ, ಡ್ರೂಯಿಡರೆಂಬ ಪುರೋಹಿತರದೆಂದನು. ನಮ್ಮ ಕೊಪ್ಪಳದ ಕಡೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಕಲ್ಲುಮನೆಗಳನ್ನು ಕುಳ್ಳರಾದ ಮೋರ್ಯರು ಕಟ್ಟಿದರೆಂದು ಜನರು ಹೇಳುತ್ತಾರೆ. ಅಲ್ಲಿಯವರು ದೈತ್ಯರೆಂದರು, ಇಲ್ಲಿಯವರು ಕುಳ್ಳರೆಂದರು. ನಮ್ಮ ನಿಮ್ಮ ಅಳತೆಯ ಮನುಷ್ಯರೇ ಕಟ್ಟಿದರೆಂದು ನಂಬುವುದಕ್ಕೆ ಮಾತ್ರ ಇಬ್ಬರಿಗೂ ಮನಸ್ಸು ಬರಲಿಲ್ಲ.

ಆದರೆ ಸ್ಟೂಕ್ಲಿಯು ಒಂದು ಮುಖ್ಯವಾದ ಸಂಗತಿಯನ್ನು ಕಂಡುಕೊಂಡನು. ಈ ಕಟ್ಟಡದ ಮುಖ, ಬೇಸಗೆಯಲ್ಲಿ ಹಗಲು ಪರಮಾವಧಿಗೆ ಬೆಳೆದ ದಿನ ಸೂರ್ಯನು ಹುಟ್ಟುವ ಈಶಾನ್ಯದ ಕಡೆಗೆ ತಿರುಗಿದೆ. ಅದೇ ರೇಖೆಯನ್ನು ಹಿಂದಕ್ಕೆ ಎಳೆದರೆ ನೈರುತ್ಯದಲ್ಲಿ, ಚಳಿಗಾಲದ ಅತ್ಯಂತ ಚಿಕ್ಕ ಹಗಲಿನಲ್ಲಿ ಸೂರ್ಯನು ಮುಳುಗುವ ಸ್ಥಳ. ಹತ್ತಿರದಲ್ಲಿಯೇ ಡರಿಂಗ್ಟನ್ ಎಂಬಲ್ಲಿ ಆ ಕಾಲದ ಜನರ ಬೀಡನ್ನು ಅಗೆದಾಗ ಹಂದಿಯ ಮೂಳೆಗಳು ರಾಶಿರಾಶಿಯಾಗಿ ದೊರೆತವು. ವಸಂತದಲ್ಲಿ ಹುಟ್ಟಿದ ಆ ಪ್ರಾಣಿಗಳಲ್ಲಿ ಹೆಚ್ಚಿನವು ಒಂಬತ್ತು ತಿಂಗಳಾದಾಗ ಸತ್ತವೆಂದು ಹಲ್ಲುಗಳಿಂದ ತಿಳಿಯುತ್ತದೆ. ಎಂದಮೇಲೆ ಔತಣ ನಡೆದದ್ದು ನಡುಚಳಿಗಾಲದಲ್ಲಿ. ಕತ್ತಲೆ ಬೆಳೆದು ಬೆಳೆದು ಇನ್ನು ಸೂರ್ಯನು ಬಾರನೇನೋ ಎನ್ನಿಸುವ ಆ ದೇಶದಲ್ಲಿ, ಅವನು ತಿರುಗಿದ ದಿನವೇ ದೊಡ್ಡ ಹಬ್ಬ.

ನಾವು ಹೋದದ್ದು ಆ ದಿನಕ್ಕೆ ಎರಡು ದಿನ ಮೊದಲು. ಮಧ್ಯಾಹ್ನ ಮೂರೂವರೆಗೇ ಬೆಳಕು ಹಳದಿಯಾಯಿತು. ಕಾವಲಿನ ಹಗ್ಗದ ಈಚೆ, ಹೀಲ್ ಕಲ್ಲು ಎಂಬ ಒಂಟಿ ಬಂಡೆಯ ಹತ್ತಿರ ನಾನಾ ದೇಶದ ಜನರು ಮಾತಿಲ್ಲದೆ ನಿಂತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯನು ಕೆಂಪಾಗಿ ಇಳಿದು, ಕಂಬಗಳ ನಡುವಣ ಕಿಂಡಿಯಲ್ಲಿ ದೀಪವಿಟ್ಟಂತೆ ಕ್ಷಣಕಾಲ ನಿಂತು, ಮರೆಯಾದನು. ನಮ್ಮ ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿದ್ದ ಒಬ್ಬ ಮುದುಕನು ಟೋಪಿ ತೆಗೆದು ನಿಂತಿದ್ದನು.

ಹಿಂತಿರುಗುವಾಗ ಮೊಮ್ಮಗಳು, “ತಾತ, ಇವು ಕ್ಯಾಲೆಂಡರ್ ಹೌದೋ ಅಲ್ಲವೋ?” ಎಂದಳು. ಈ ಪ್ರಶ್ನೆಯನ್ನು ವಿದ್ವಾಂಸರೂ ಕೇಳುತ್ತಿದ್ದಾರೆ. 2022ರಲ್ಲಿ ತಿಮೊಥಿ ಡಾರ್ವಿಲ್ ಎಂಬ ಪಂಡಿತರು ಹೀಗೆ ಬರೆದರು: ಹೊರವಲಯದ 30 ಕಂಬಗಳು ತಿಂಗಳಿನ 30 ದಿನಗಳು, ಹನ್ನೆರಡು ತಿಂಗಳಿಗೆ 360, ಐದು ಬಾಗಿಲುವಾಡಗಳು ಮಿಕ್ಕ ಐದು ದಿನಗಳು, ಹೊರಗಿನ ನಾಲ್ಕು ಕಲ್ಲುಗಳು ನಾಲ್ಕು ವರ್ಷಕ್ಕೊಮ್ಮೆ ಕೂಡಿಸುವ ಒಂದು ದಿನದ ಗುರುತು. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಮರುವರ್ಷವೇ ಮಾಲಿ ಮತ್ತು ಬೆಲ್ಮಾಂಟೆ ಎಂಬ ಇಬ್ಬರು ಆಕ್ಷೇಪಣೆ ಎತ್ತಿದರು. ಹನ್ನೆರಡು ಎಂಬ ಸಂಖ್ಯೆ ಆ ಕಲ್ಲುಗಳಲ್ಲಿ ಎಲ್ಲಿದೆ? ಅಯನದ ಆಸುಪಾಸಿನಲ್ಲಿ ಸೂರ್ಯನ ಉದಯಾಸ್ತಗಳ ಸ್ಥಾನವು ಹಲವು ದಿನ ಬಹುಮಟ್ಟಿಗೆ ಕದಲುವುದಿಲ್ಲ. ಇಂಥ ಒರಟು ಬಂಡೆಗಳಿಂದ ಒಂದು ದಿನವನ್ನು ಹೇಗೆ ಹಿಡಿಯುವುದು? ನಮಗೂ ಈ ಆಕ್ಷೇಪಣೆಯೇ ಸಾಧುವಾಗಿ ತೋರುತ್ತದೆ. ಎರಡು ದಿನ ಮೊದಲೇ ಹೋದ ನಮಗೂ ಸೂರ್ಯನು ಅದೇ ಕಿಂಡಿಯಲ್ಲಿ ದರ್ಶನ ಕೊಡಲಿಲ್ಲವೆ?

ಕಲ್ಲು ದಿಕ್ಕನ್ನು ಹೇಳುತ್ತದೆ; ಲೆಕ್ಕವನ್ನು ಹೇಳುವುದಿಲ್ಲ. ಲೆಕ್ಕವು ಅದನ್ನು ನಿಲ್ಲಿಸಿದವರ ನಾಲಗೆಯ ಮೇಲಿತ್ತು. ಅವರ ಭಾಷೆ ಯಾವುದು, ದೇವರ ಹೆಸರೇನು, ತಿಂಗಳಿಗೆ ಏನೆನ್ನುತ್ತಿದ್ದರು, ಒಂದೂ ಉಳಿಯಲಿಲ್ಲ. 25 ಟನ್ನಿನ ಬಂಡೆಯು ನಾಲ್ಕು ಸಾವಿರದ ಐನೂರು ವರ್ಷ ನಿಂತಿತು. ಅದರ ಅರ್ಥವು ನಿಲ್ಲಲಿಲ್ಲ.

ಡ್ರೂಯಿಡರ ಸಂಗತಿಯೂ ಹೀಗೆಯೇ. ಬಂಡೆಗಳೆದ್ದು ಎರಡು ಸಾವಿರ ವರ್ಷಗಳಿಗೂ ಮೇಲೆ ಅವರ ಮಾತು ಇತಿಹಾಸದಲ್ಲಿ ಬರುತ್ತದೆ. ಆದುದರಿಂದ ಸ್ಟೋನ್‌ಹೆಂಜ್ ಕಟ್ಟಿದವರು ಅವರಲ್ಲ. ಅವರನ್ನು ಕುರಿತು ರೋಮಿನ ಜೂಲಿಯಸ್ ಸೀಸರನು ತನ್ನ ಗಾಲ್ ಯುದ್ಧದ ಗ್ರಂಥದಲ್ಲಿ ಬರೆದಿರುವುದನ್ನು ಓದಿದರೆ ನಮ್ಮ ದೇಶದವರಿಗೆ ರೋಮಾಂಚವಾಗುತ್ತದೆ. ಅವರ ವಿದ್ಯೆಯ ಮೂಲ ಬ್ರಿಟನ್ನು. ಚೆನ್ನಾಗಿ ಕಲಿಯಬೇಕೆನ್ನುವವರು ಅಲ್ಲಿಗೆ ಹೋಗುತ್ತಿದ್ದರು. ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಕೆಲವರು ಇಪ್ಪತ್ತು ವರ್ಷ ಕಲಿಯುತ್ತಿದ್ದರು. ಆ ವಿದ್ಯೆಯನ್ನು ಬರೆದಿಡುವುದು ತಪ್ಪೆಂದು ಎಣಿಸುತ್ತಿದ್ದರು. ನಕ್ಷತ್ರಗಳ ಗತಿಯನ್ನು ಚರ್ಚಿಸುತ್ತಿದ್ದರು. ಅಲ್ಲಿಯ ಜನರು ಕಾಲವನ್ನು ಹಗಲಿನಿಂದಲ್ಲದೆ ರಾತ್ರಿಯಿಂದ ಎಣಿಸುತ್ತಿದ್ದರು. ಈಗಲೂ ಇಂಗ್ಲಿಷಿನವರು ಒಂದು ಪಕ್ಷಕ್ಕೆ ಫೋರ್ಟ್‌ನೈಟ್ ಎನ್ನುತ್ತಾರೆ; ಅದು ಹದಿನಾಲ್ಕು ರಾತ್ರಿ ಎಂಬ ಹಳೆಯ ಮಾತು ಸವೆದು ಉಳಿದ ರೂಪ.

ವೇದವೂ ಬಾಯಿಂದ ಕಿವಿಗೆ ಬಂದದ್ದು. ಹಾಗಾದರೆ ಒಂದು ಉಳಿದು ಒಂದು ಅಳಿದದ್ದೇಕೆ? ಕ್ರಿ. ಶ. 60ರ ಸುಮಾರಿಗೆ ರೋಮನರ ಸೈನ್ಯವು ವೇಲ್ಸಿನ ಆಂಗಲ್ಸಿ ದ್ವೀಪಕ್ಕೆ ನುಗ್ಗಿ, ಡ್ರೂಯಿಡರಿದ್ದ ಪವಿತ್ರ ವನಗಳನ್ನು ಕಡಿದುಹಾಕಿತೆಂದು ಟ್ಯಾಸಿಟಸ್ ಬರೆದಿದ್ದಾನೆ. ಹೇಳುವವರು ಹೋದರು, ಕೇಳುವವರು ಚದುರಿದರು, ವಿದ್ಯೆ ಮುಗಿಯಿತು. ಅದೇ ದ್ವೀಪದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಮಾನ ನಿಲ್ದಾಣಕ್ಕಾಗಿ ಒಂದು ಕೆರೆಯ ಅಂಚಿನ ಜೌಗುಮಣ್ಣನ್ನು ತೋಡುತ್ತಿದ್ದಾಗ ಕಬ್ಬಿಣದ ಸರಪಳಿಯೊಂದು ಸಿಕ್ಕಿತು. ಕೆಲಸಗಾರರು ಅದನ್ನು ಹೂತುಕೊಂಡ ಲಾರಿಗಳನ್ನು ಎಳೆಯುವುದಕ್ಕೆ ಉಪಯೋಗಿಸಿದರು. ಎರಡು ಸಾವಿರ ವರ್ಷದ ಹಿಂದೆ ಸೆರೆಯಾಳುಗಳ ಕುತ್ತಿಗೆಗೆ ಹಾಕುತ್ತಿದ್ದ ಸರಪಳಿ ಅದೆಂದು ಆಮೇಲೆ ತಿಳಿಯಿತು. ಕತ್ತಿ, ಈಟಿ, ರಥದ ಭಾಗಗಳು ಮೊದಲಾಗಿ ನೂರೈವತ್ತಕ್ಕೂ ಹೆಚ್ಚು ವಸ್ತುಗಳು ಆ ಕೆರೆಯಲ್ಲಿ ದೊರೆತವು. ಲಾರಿಯನ್ನು ಎಳೆದರೂ ತುಂಡಾಗದ ಸರಪಳಿ ಉಳಿಯಿತು; ಗುರುಶಿಷ್ಯರ ಸರಪಳಿ ಮಾತ್ರ ತುಂಡಾಯಿತು.

ಆ ಪರಂಪರೆಗೆ ಸಂಬಂಧಪಟ್ಟ ಒಂದು ಪಂಚಾಂಗವು ಸಮುದ್ರದಾಚೆ, ಫ್ರಾನ್ಸಿನಲ್ಲಿ, ಅದೃಷ್ಟವಶದಿಂದ ದೊರೆತಿದೆ. 1897ರಲ್ಲಿ ಕೊಲಿನ್ಯಿ ಎಂಬ ಊರಿನ ಹೊಲದಲ್ಲಿ ಒಡೆದ ಕಂಚಿನ ತುಂಡುಗಳು ಸಿಕ್ಕಿದವು. ಜೋಡಿಸಿ ನೋಡಿದರೆ ಸುಮಾರು ಒಂದೂವರೆ ಮೀಟರು ಅಗಲದ ಫಲಕ. ಅದನ್ನು ಲಿಯಾನ್ ನಗರದ ವಸ್ತುಸಂಗ್ರಹಾಲಯದಲ್ಲಿಟ್ಟಿದ್ದಾರೆ. ಕ್ರಿಸ್ತಶಕದ ಎರಡನೆಯ ಶತಮಾನದ ಆ ಫಲಕದಲ್ಲಿ, ರೋಮನ್ ಲಿಪಿಯಿಂದ ಗಾಲರ ಭಾಷೆಯಲ್ಲಿ ಐದು ವರ್ಷಗಳ ಎಣಿಕೆಯಿದೆ. 30 ದಿನದ ತಿಂಗಳಿಗೆ ಒಂದು ಗುರುತು, ಅದು ಶುಭ. 29 ದಿನದ ತಿಂಗಳಿಗೆ ಇನ್ನೊಂದು ಗುರುತು, ಅದು ಶುಭವಲ್ಲ ಎಂದು ಅರ್ಥ ಹೇಳುತ್ತಾರೆ. ಪ್ರತಿ ತಿಂಗಳೂ ಎರಡು ಪಕ್ಷ. ದಿನದಿನಕ್ಕೂ ಒಂದೊಂದು ತೂತು. ಅದರಲ್ಲಿ ಗೂಟ ಸಿಕ್ಕಿಸುತ್ತ ಹೋಗುವುದು. ಐದು ವರ್ಷಕ್ಕೆ 60 ತಿಂಗಳಿರಬೇಕಷ್ಟೆ. ಅಲ್ಲಿ 62 ಇವೆ. ಎರಡೂವರೆ ವರ್ಷಕ್ಕೊಂದರಂತೆ ಎರಡು ತಿಂಗಳು ಹೆಚ್ಚು. ಎಂದರೆ ಅಧಿಕಮಾಸ!

ನಮ್ಮ ಲಗಧಮುನಿಯ ಹೆಸರಿನಲ್ಲಿರುವ ವೇದಾಂಗ ಜ್ಯೋತಿಷದಲ್ಲಿಯೂ ಐದು ವರ್ಷಕ್ಕೆ ಒಂದು ಯುಗ. ಯುಗಕ್ಕೆ 1830 ದಿನ, 62 ಚಾಂದ್ರಮಾಸ. ಇದನ್ನು ನೋಡಿ, ಅವರು ನಮ್ಮಿಂದ ಕಲಿತರೆಂದು ಎದೆಯುಬ್ಬಿಸುವುದು ಸುಲಭ. ಹಾಗೆ ಹೇಳುವುದಕ್ಕೆ ಆಧಾರವಿಲ್ಲ. ಸೂರ್ಯಚಂದ್ರರು ಇಬ್ಬರಿಗೂ ಒಬ್ಬರೇ. ಲೆಕ್ಕ ಇಟ್ಟವರೆಲ್ಲರೂ ಎಂದಾದರೂ ಈ ತೊಡಕಿಗೆ ಬರಲೇಬೇಕು, ಅದನ್ನು ಬಿಡಿಸಲೇಬೇಕು. ಇಂಗ್ಲಿಷರ ಪೂರ್ವಿಕರೂ ಬಿಡಿಸಿದ್ದರು. ಬೀಡ್ ಎಂಬ ಸನ್ಯಾಸಿ 725ರಲ್ಲಿ ಬರೆದ ಕಾಲಗಣನೆಯ ಗ್ರಂಥದಲ್ಲಿ, ಕ್ರೈಸ್ತರಾಗುವುದಕ್ಕೆ ಮೊದಲು ತನ್ನ ಜನರು ಬೇಸಗೆಯ ಎರಡು ತಿಂಗಳಿಗೆ ಲಿಥಾ ಎನ್ನುತ್ತಿದ್ದರೆಂದೂ, ಬೇಕಾದ ವರ್ಷದಲ್ಲಿ ಮೂರನೆಯ ಲಿಥಾ ಒಂದನ್ನು ಸೇರಿಸಿ ಆ ವರ್ಷಕ್ಕೆ ‘ಮೂರು ಲಿಥಾಗಳ ವರ್ಷ’ ಎನ್ನುತ್ತಿದ್ದರೆಂದೂ ಹೇಳಿದ್ದಾನೆ. ನಮ್ಮಲ್ಲಿ ನಿಜ ಶ್ರಾವಣ, ಅಧಿಕ ಶ್ರಾವಣ ಎಂಬಂತೆಯೇ. ಒಬ್ಬನು ಬರೆದಿಟ್ಟುದರಿಂದ ನಮಗಿದು ತಿಳಿಯಿತು. ಇಲ್ಲವಾದರೆ ಅದೂ ಹೋಗುತ್ತಿತ್ತು.

ಹೇಳಿಕೆಯ ಮಾತನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಐರ್ಲೆಂಡಿನ ನ್ಯೂಗ್ರೇಂಜ್ ಸಾಕ್ಷಿ. ಕ್ರಿ. ಪೂ. 3200ರ ಸುಮಾರಿನ ಆ ದಿಬ್ಬದೊಳಗೆ 19 ಮೀಟರು ಉದ್ದದ ಒಂದು ಕಲ್ಲಿನ ಓಣಿ, ಅದರ ಕೊನೆಗೆ ಗರ್ಭಗುಡಿಯಂಥ ಕೋಣೆ. ಯಾವುದೋ ಒಂದು ಕಾಲದಲ್ಲಿ ಉದಯಸೂರ್ಯನ ಬೆಳಕು ಒಳಗಿನ ಸುರುಳಿಚಿತ್ರದ ಕಲ್ಲಿಗೆ ಬೀಳುತ್ತದೆಂದು ಸುತ್ತಿನ ಜನರು ಹೇಳುತ್ತಿದ್ದರು. ಅಲ್ಲಿ ಅಗೆಯುತ್ತಿದ್ದ ಮೈಕೇಲ್ ಓಕೆಲಿ ಎಂಬ ಪಂಡಿತರು ಈ ಜನರು ಸ್ಟೋನ್‌ಹೆಂಜನ್ನು ನೆನೆದು ತಪ್ಪಾಗಿ ಹೇಳುತ್ತಾರೆಂದೇ ಎಣಿಸಿದ್ದರು. ಆದರೂ 1967ರ ಡಿಸೆಂಬರ್ 21ರಂದು ಬೆಳಗಿನ ಕತ್ತಲಲ್ಲಿ ಒಬ್ಬರೇ ಹೋಗಿ ಒಳಗೆ ನಿಂತರು. ಬಾಗಿಲಿನ ಮೇಲಣ ಗವಾಕ್ಷದಿಂದ ಬಿಸಿಲಿನ ಎಳೆಯೊಂದು ತೂರಿ, ಓಣಿಯನ್ನು ದಾಟಿ, ಕೋಣೆಯ ಕೊನೆಯನ್ನು ಮುಟ್ಟಿ, ಹದಿನೇಳು ನಿಮಿಷ ನಿಂತಿತು. ಹಳ್ಳಿಯವರ ಅರೆಮರೆತ ಮಾತು ನಿಜವಾಗಿತ್ತು.

ಹಾಗೆಂದು ಬಾಯಿಂದ ಬಂದುದನ್ನೆಲ್ಲ ನೋಡದೆ ಒಪ್ಪಿಕೊಂಡು ಕುಳಿತರೂ ಕೇಡೇ. ನಾವು ಉತ್ತರಾಯಣವನ್ನು ಮಕರ ಸಂಕ್ರಾಂತಿಯಂದು, ಜನವರಿ ನಡುವಿನಲ್ಲಿ, ಆಚರಿಸುತ್ತೇವೆ. ಆಕಾಶದ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೆ. ಅಯನಚಲನದಿಂದ ಇಪ್ಪತ್ತನಾಲ್ಕು ದಿನಗಳಷ್ಟು ಅಂತರ ಬಿದ್ದಿದೆ. ಇದನ್ನು ನಮ್ಮ ಜ್ಯೋತಿಷಿಗಳು ಬಲ್ಲರು, ಮನೆಗಳಲ್ಲಿ ಬಲ್ಲವರು ಕಡಮೆ. ಹೇಳಿಕೊಡುವವನೂ ಇರಬೇಕು, ಕಣ್ಣೆತ್ತಿ ನೋಡುವವನೂ ಇರಬೇಕು.

ಆ ರಾತ್ರಿ ಊಟವಾದ ಮೇಲೆ ನಾವು ಮೊಮ್ಮಗಳನ್ನು ಕೂರಿಸಿಕೊಂಡು, ಅಡಿಗೆಮನೆಯಿಂದ ಒಂದು ಬಟ್ಟಲು ಹೆಸರುಕಾಳು ತರಿಸಿದೆವು. ಸೂರ್ಯನ ವರ್ಷಕ್ಕೆ 365 ದಿನ. ಚಂದ್ರನ ಹನ್ನೆರಡು ತಿಂಗಳಿಗೆ 354. ಚಂದ್ರನು ವರ್ಷಕ್ಕೆ ಹನ್ನೊಂದು ದಿನ ಸಾಲಗಾರನು. ಒಂದು ವರ್ಷಕ್ಕೆ ಹನ್ನೊಂದು ಕಾಳು ಈ ಕಡೆ ಇಡು. ಎರಡನೆಯ ವರ್ಷ ಇಪ್ಪತ್ತೆರಡು. ಮೂರನೆಯ ವರ್ಷ ಮೂವತ್ತಮೂರು. ಒಂದು ತಿಂಗಳಿಗೆ ಸಾಕಾಯಿತಲ್ಲವೆ? ಮೂವತ್ತನ್ನು ತೆಗೆದು ಒಂದು ತಿಂಗಳೆಂದು ಪಂಚಾಂಗದಲ್ಲಿ ಸೇರಿಸು, ಅದೇ ಅಧಿಕಮಾಸ. ಉಳಿದ ಮೂರು ಕಾಳು ಮುಂದಿನ ಲೆಕ್ಕಕ್ಕೆ. ದೀಪಾವಳಿಯ ಅಮಾವಾಸ್ಯೆಯ ಪೂಜೆ 2021ರಲ್ಲಿ ನವೆಂಬರ್ 4. 2022ರಲ್ಲಿ ಹಿಂದಕ್ಕೆ ಬಂದು ಅಕ್ಟೋಬರ್ 24. 2023ರಲ್ಲಿ ಅಧಿಕ ಶ್ರಾವಣ ಸೇರಿ ನವೆಂಬರ್ 12. ಮಗುವು ಕಾಳುಗಳನ್ನು ಎರಡು ಸಲ ಎಣಿಸಿ ನೋಡಿ, “ಹಾಗಾದ್ರೆ ದೀಪಾವಳಿ ಸುಮ್ಮಸುಮ್ಮನೆ ಓಡಾಡಲ್ಲ. ಹಿಂದೆ ಹಿಂದೆ ಬಂದು, ಆಮೇಲೆ ಮುಂದಕ್ಕೆ ಹಾರತ್ತೆ!” ಎಂದಿತು. ಇದಕ್ಕಿಂತ ಚೆನ್ನಾಗಿ ನಾವು ಯಾವ ತರಗತಿಯಲ್ಲಿಯೂ ಹೇಳಿರಲಿಲ್ಲ.

ಮಗಳು ಪಾತ್ರೆ ಒರೆಸುತ್ತ ನಿಂತು ಕೇಳುತ್ತಿದ್ದಳು. “ಅಪ್ಪ, ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ” ಎಂದಳು. ಆಕ್ಷೇಪಣೆಯ ಧ್ವನಿಯೇನಲ್ಲ, ಇದ್ದ ಸಂಗತಿ. ನಮ್ಮ ತಂದೆಯವರು ಯುಗಾದಿಯಂದು ನಮ್ಮನ್ನು ಹತ್ತಿರ ಕೂರಿಸಿಕೊಂಡು ಪಂಚಾಂಗ ಓದಿಸಿ, ಒಂದೊಂದು ಪದಕ್ಕೂ ಅರ್ಥ ಹೇಳಿಸಿದ್ದರು. ನಾವು ಊರ ಮಕ್ಕಳಿಗೆಲ್ಲ ಪಾಠ ಹೇಳಿ ಮನೆಗೆ ಬರುವಾಗ ದಣಿದಿರುತ್ತಿದ್ದೆವು. ಆಂಗಲ್ಸಿಯ ವನವನ್ನು ಕಡಿಯುವುದಕ್ಕೆ ಸೈನ್ಯ ಬೇಕಾಯಿತು. ನಮ್ಮ ಮನೆಯದನ್ನು ಕಡಿಯುವುದಕ್ಕೆ ದಣಿವೊಂದೇ ಸಾಕಾಗಿತ್ತು.

“ಕೂತುಕೋ ಅಮ್ಮ” ಎಂದು ಜಾಗ ಬಿಟ್ಟೆವು. ಮೊಮ್ಮಗಳು ಕಾಳುಗಳನ್ನು ಮತ್ತೆ ಬಟ್ಟಲಿಗೆ ತುಂಬಿ, ತಾಯಿಗೆ ಮೊದಲಿನಿಂದ ಹೇಳತೊಡಗಿತು.